ಕೂತು ತಿನ್ನುವ ಗಾಡಿ

ಆಯುಧ ಪೂಜೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ಮೋಟರ್‌ಹೋಮ್‌ಗೆ ಮಂಗಳಾರತಿ ಮುಗಿಯಿತು. ಬಾನೆಟ್ ಮೇಲೆ ಚೆಂಡು ಹೂವಿನ ಹಾರ, ಗಾಜಿನ ಮೇಲೆ ವಿಭೂತಿ, ಒಂದೊಂದು ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು. ಅಪ್ಪ ಬೂದುಗುಂಬಳ ಒಡೆದು, ಪಕ್ಕಕ್ಕೆ ಸರಿದು, "ಹೂಂ, ನಡಿ" ಎಂದರು. ನಾನು ಕೀ ತಿರುಗಿಸಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಕೆಂಪು ದೀಪ ನಿದ್ದೆಗಣ್ಣಲ್ಲಿ ನೋಡಿದ ಹಾಗೆ ಮಿನುಗಿ ಆರಿತು. ಅಷ್ಟೇ. ಟಕ್ ಅನ್ನುವ ಶಬ್ದ ಕೂಡ ಬರಲಿಲ್ಲ.

ಸೂಚನೆ ಮೊದಲೇ ಸಿಕ್ಕಿತ್ತು. ಬಂದ ತಕ್ಷಣ ರಿಮೋಟ್ ಒತ್ತಿದರೆ ಬಾಗಿಲು ತೆರೆಯಲಿಲ್ಲ. ರಿಮೋಟಿನ ಸೆಲ್ ಹೋಗಿರಬೇಕು ಎಂದುಕೊಂಡು ಕೀಲಿ ಹಾಕಿ ತೆಗೆದೆ. ಒಳಗಿನ ದೀಪ ಹತ್ತಲಿಲ್ಲ. ಹಗಲು ಹೊತ್ತಲ್ಲಿ ದೀಪ ಯಾರಿಗೆ ಬೇಕು ಅಂತ ಸುಮ್ಮನಾದೆ. ಕೇಳಿಸಿಕೊಳ್ಳಬಾರದು ಅಂತಲೇ ಕೂತವನಿಗೆ ಬ್ಯಾಟರಿ ಪಾಪ ಇನ್ನೆಷ್ಟು ಸಲ ಹೇಳಬೇಕು?

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಹುಡುಗರು ತಳ್ಳಲು ಬಂದರು. ತಳ್ಳಿದರೆ ನಿಂಬೆಹಣ್ಣು ಒಡೆಯುತ್ತೆ, ಎಂಜಿನ್ ಓಡದೆ ಒಡೆದರೆ ಅದು ಪೂಜೆಯ ಲೆಕ್ಕಕ್ಕೆ ಬರುತ್ತಾ ಅಂತ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ತಳ್ಳಿದ್ದರೂ ಪ್ರಯೋಜನ ಇರಲಿಲ್ಲ ಬಿಡಿ. ಹಳೇ ಕಾಲದ ಡೀಸೆಲ್ ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿ, ಸೆಕೆಂಡ್ ಗೇರ್ ಹಾಕಿ, ಕ್ಲಚ್ ಬಿಟ್ಟರೆ ಕೆಮ್ಮುತ್ತಾ ಎದ್ದು ಕೂರುತ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸಲೂ ಕರೆಂಟು ಬೇಕು, ಅದನ್ನು ಆಳುವ ಕಂಪ್ಯೂಟರಿಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಮಲಗಿದ್ದರೆ ಊರೇ ಸೇರಿ ತಳ್ಳಿದರೂ ಅಷ್ಟೇ. ಕೊನೆಗೆ ಭಾವಮೈದುನನ ಕಾರು ತರಿಸಿ, ಜಂಪರ್ ಕೇಬಲ್ ಹಾಕಿ, ಹದಿನೈದು ನಿಮಿಷ ಕಾದು ಸ್ಟಾರ್ಟ್ ಮಾಡುವಷ್ಟರಲ್ಲಿ ಒಂದು ಗಂಟೆ. ಮಕ್ಕಳು ಪ್ರಸಾದದ ಕಡಲೆಪುರಿಯನ್ನೇ ಊಟದ ಹಾಗೆ ಮುಕ್ಕಿದ್ದರು. ನಿಂಬೆಹಣ್ಣು ಪಚಕ್ ಎಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ದಾರಿಯಲ್ಲಿ ಅಪ್ಪ ಒಂದೇ ಮಾತು ಕೇಳಿದರು. "ನಾಲ್ಕು ತಿಂಗಳು ಓಡಿಸೇ ಇಲ್ಲವಲ್ಲ, ಕರೆಂಟು ಎಲ್ಲಿ ಹೋಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲಾ ಆಫ್ ಮಾಡಿದ್ದೆ. ಅದನ್ನು ಆಣೆ ಇಟ್ಟು ಹೇಳಬಲ್ಲೆ.

ಗಾಡಿಯ ವಿಷಯ ಸ್ವಲ್ಪ ಹೇಳುತ್ತೇನೆ. ಅದು ಮೂಲದಲ್ಲಿ ಒಂದು ಟಿಟಿ. ಹಳದಿ ಬೋರ್ಡಿನಲ್ಲಿ ಊಟಿ, ಧರ್ಮಸ್ಥಳ, ತಿರುಪತಿ ಅಂತ ಓಡಾಡಿ ದಣಿದಿದ್ದ ಟೆಂಪೋ ಟ್ರಾವೆಲರ್. ಕೊಂಡು, ಸೀಟು ಕಿತ್ತು, ಮಂಚ, ಸಿಂಕು, ಸಣ್ಣ ಫ್ರಿಜ್ಜು, ಗ್ಯಾಸ್ ಒಲೆ ಕೂರಿಸಿ, ಆರ್‌ಟಿಓ ಕಾಗದಗಳಿಗೆ ಅಲೆದಾಡಿ ಬಿಳಿ ಬೋರ್ಡ್ ಮಾಡಿಸಿದ ಕತೆ ಬೇರೆಯೇ ಒಂದು ಬರಹ ಆಗುತ್ತೆ. ಒಳಗೆ ಎರಡು ಬ್ಯಾಟರಿ. ಒಂದು ಎಂಜಿನ್ನಿನದ್ದು, 100 ಎಎಚ್ (ಆಂಪಿಯರ್-ಅವರ್, ಅಂದರೆ ಒಂದು ಆಂಪಿಯರಿನಂತೆ ನೂರು ಗಂಟೆ ಕೊಡುವಷ್ಟು). ಇನ್ನೊಂದು ಮನೆಯದ್ದು, ಅಂದರೆ ಫ್ಯಾನು, ಲೈಟು, ಫ್ರಿಜ್ಜಿಗೆ. ಅದಕ್ಕೆ ನಾನು ಹಾಕಿದ್ದು 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ, ಬೆಂಗಳೂರಿನ ಪ್ರತಿ ಮನೆಯ ಮೆಟ್ಟಿಲ ಕೆಳಗೆ ಯುಪಿಎಸ್ ಜೊತೆ ಕೂತಿರುತ್ತಲ್ಲ, ಅದೇ ಜಾತಿ.

ನಮ್ಮ ಮನೆ ವಿಜಯನಗರದಲ್ಲಿ, ಮೂವತ್ತು-ನಲವತ್ತರ ಸೈಟು. ಇಪ್ಪತ್ತು ಅಡಿ ದಾಟಿದ ಗಾಡಿಯನ್ನು ಅಲ್ಲಿ ನಿಲ್ಲಿಸಬೇಕೆಂದರೆ ಹಾಲ್ ಒಡೆಯಬೇಕು. ರಸ್ತೆಯಲ್ಲಿ ನಿಲ್ಲಿಸಿದರೆ ಎದುರು ಮನೆಯವರ ಮುಖ ನೋಡುವ ಹಾಗಿಲ್ಲ. ಹಾಗಾಗಿ ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದ ಮೇಲೆ ಚಿಕ್ಕಪ್ಪನ ಒಂದು ಖಾಲಿ ಸೈಟಿದೆ, ಅಲ್ಲಿ ತಗಡಿನ ಶೀಟ್ ಹಾಕಿಸಿ ನಿಲ್ಲಿಸುತ್ತೇವೆ. ಕರೆಂಟಿನ ಕನೆಕ್ಷನ್ ಇಲ್ಲ. ಒಂದು ಬೋರ್‌ವೆಲ್ ಗುಂಡಿ, ಆರು ತೆಂಗಿನ ಮರ, ಲೆಕ್ಕವಿಲ್ಲದಷ್ಟು ಹೆಗ್ಗಣ.

ಬೇರೆ ದೇಶದವರ ವಿಡಿಯೋ ನೋಡಿದರೆ ಎಲ್ಲರೂ ಚಳಿಗಾಲಕ್ಕೆ ಗಾಡಿ ನಿಲ್ಲಿಸುತ್ತಾರೆ. ಹಿಮ ಬೀಳುತ್ತೆ, ಪೈಪಿನ ನೀರು ಗಟ್ಟಿಯಾಗುತ್ತೆ, ಖಾಲಿಯಾದ ಬ್ಯಾಟರಿಯೂ ಹೆಪ್ಪುಗಟ್ಟಿ ಬಿರಿಯುತ್ತೆ ಅಂತೆಲ್ಲ ಎಚ್ಚರಿಕೆ. ನಮಗೆ ಆ ಕಾಟ ಇಲ್ಲ. ನಮಗೆ ಚಳಿಗಾಲವೇ ಸೀಸನ್ನು. ನಾವು ನಿಲ್ಲಿಸುವುದು ಮಳೆಗೆ. ಜೂನ್‌ನಲ್ಲಿ ಮಕ್ಕಳ ಶಾಲೆ ಶುರು, ಘಾಟಿಗಳಲ್ಲಿ ಮಣ್ಣು ಕುಸಿತ, ಬೀಚಲ್ಲಿ ಕೆಂಪು ಬಾವುಟ. ಹಾಗೆ ಜೂನ್ ಮಧ್ಯದಲ್ಲಿ ನಿಲ್ಲಿಸಿದ ಗಾಡಿ ನವರಾತ್ರಿ ತನಕ ಅಲ್ಲಿಯೇ ಇತ್ತು. ನಿಲ್ಲಿಸುವಾಗ ಒಳಗಿನ ದೊಡ್ಡ ಕೆಂಪು ಮೈನ್ ಸ್ವಿಚ್ ತಿರುಗಿಸಿ, ದೀಪಗಳು ಆರಿದ್ದನ್ನು ನೋಡಿ, ಜಂಬದಿಂದ ಮನೆಗೆ ಬಂದಿದ್ದೆ.

ಮರುದಿನ ಮಲ್ಟಿಮೀಟರ್ ಹಿಡಿದು ಹೋದೆ. ಮನೆ ಬ್ಯಾಟರಿ 4.2 ವೋಲ್ಟ್. ಹನ್ನೆರಡೂವರೆ ಇರಬೇಕಾದದ್ದು ನಾಲ್ಕು ಚಿಲ್ಲರೆ. ಮೀಟರೇ ಕೆಟ್ಟಿರಬೇಕು ಅಂತ ಬೈಕಿನ ಬ್ಯಾಟರಿಗೆ ಹಿಡಿದು ನೋಡಿದೆ. ಮೀಟರ್ ಚೆನ್ನಾಗಿಯೇ ಇತ್ತು.

ಕಳ್ಳನನ್ನು ಹುಡುಕುವ ಕೆಲಸ ಹಿಡಿಯಿತು ಎರಡು ಭಾನುವಾರ. ಮೊದಲ ತಪ್ಪು ಎಸ್‌ಪಿ ರೋಡಿನಲ್ಲಿ ಮಾಡಿದೆ. ವೈರಿನ ಸುತ್ತ ಕಚ್ಚಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು ಅಂದೆ, ಅಂಗಡಿಯ ಹುಡುಗ ಕೊಟ್ಟ, ತಂದೆ. ಅದು ಎಸಿ ಕರೆಂಟನ್ನಷ್ಟೇ ಅಳೆಯುವಂಥದ್ದು. ಬ್ಯಾಟರಿಯ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತಾ ಕೂತಿತ್ತು, ನಾನು ಸೋರಿಕೆಯೇ ಇಲ್ಲ ಅಂತ ಖುಷಿಪಟ್ಟೆ. ಡಿಸಿ ಅಳೆಯುವುದು ಬೇರೆ, ಬೆಲೆ ಜಾಸ್ತಿ. ಅದರಲ್ಲೂ ಸಣ್ಣ ಕರೆಂಟು ಅಳೆಯಲು ಬರುವಂಥದ್ದು ಬೇಕೆಂದರೆ ಇನ್ನೂ ಜಾಸ್ತಿ. ಆಮೇಲೆ ಮಾಮೂಲಿ ಮಲ್ಟಿಮೀಟರನ್ನೇ ಬಳಸಿದೆ. ಒಂದು ಹಳೇ ಬ್ಯಾಟರಿ ಚಾರ್ಜ್ ಮಾಡಿ ತಂದಿಟ್ಟು, ಮೈನಸ್ ಟರ್ಮಿನಲ್ಲಿನ ಕೇಬಲ್ ಬಿಚ್ಚಿ, ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಮೀಟರಿನ ಎರಡು ಕಡ್ಡಿ. ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿರಬೇಕು. ಗಾಡಿಗೆ ಹೋಗುವ ಕರೆಂಟೆಲ್ಲ ಮೀಟರಿನ ಒಳಗಿಂದಲೇ ಹೋಗಬೇಕು, ಅದೇ ಇಲ್ಲಿಯ ಸೂತ್ರ. ಹೀಗಿರುವಾಗ ಕೀ ಮಾತ್ರ ತಿರುಗಿಸಬೇಡಿ. ಸ್ಟಾರ್ಟರ್ ಎಳೆಯುವುದು ನೂರಾರು ಆಂಪಿಯರ್, ಮೀಟರಿನ ಫ್ಯೂಸ್ ಹಾರುತ್ತದೆ.

ಎಂಜಿನ್ ಕಡೆ ಅಳೆಯುವಾಗ ಇನ್ನೊಂದು ವಿಷಯ ಗೊತ್ತಾಯಿತು. ಕೇಬಲ್ ಮುಟ್ಟಿಸಿದ ತಕ್ಷಣ ಮೀಟರ್ ಒಂದೂವರೆ, ಎರಡು ಆಂಪಿಯರ್ ತೋರಿಸುತ್ತೆ. ಎದೆ ಧಸಕ್ ಅನ್ನುತ್ತೆ. ಗಾಬರಿ ಬೇಡ. ಗಾಡಿಯ ಕಂಪ್ಯೂಟರುಗಳು ಎದ್ದಿವೆ ಅಂತ ಅದರ ಅರ್ಥ. ಬಾಗಿಲು ಮುಚ್ಚಿ ಅರ್ಧ ಗಂಟೆ ದೂರ ಹೋಗಿ ಕೂರಬೇಕು. ಮಕ್ಕಳನ್ನು ಮಲಗಿಸಿದ ಹಾಗೆಯೇ, ಮತ್ತೆ ಬಾಗಿಲು ತೆಗೆದರೆ ಎಲ್ಲಾ ಮೊದಲಿನಿಂದ. ನಾನು ತೆಂಗಿನ ಮರದ ಕೆಳಗೆ ಕೂತು ಒಂದು ಎಳನೀರು ಮುಗಿಸಿ ಬಂದು ಇಣುಕಿದೆ. 85 ಮಿಲಿ ಆಂಪಿಯರ್.

ಫ್ಯೂಸ್ ಒಂದೊಂದೇ ಎಳೆಯುತ್ತಾ ಹೋದೆ. ಸ್ಟೀರಿಯೋದ್ದು ತೆಗೆದರೆ ಸ್ವಲ್ಪ ಇಳಿಯಿತು, ಸೆಂಟ್ರಲ್ ಲಾಕಿನದ್ದು ತೆಗೆದರೆ ಇನ್ನೂ ಸ್ವಲ್ಪ. ಎಲ್ಲಾ ತೆಗೆದ ಮೇಲೂ 60 ಹಾಗೆಯೇ ನಿಂತಿತ್ತು. ಡಬ್ಬಿಯ ಫ್ಯೂಸುಗಳೆಲ್ಲ ನನ್ನ ಜೇಬಿನಲ್ಲಿವೆ, ಕರೆಂಟು ಮಾತ್ರ ಹರಿಯುತ್ತಿದೆ! ಕೊನೆಗೆ ಬ್ಯಾಟರಿಯ ಪ್ಲಸ್ಸಿನಿಂದ ನೇರವಾಗಿ ಹೊರಟ ಒಂದು ತೆಳು ಕೆಂಪು ವೈರು ಸಿಕ್ಕಿತು. ಅದರ ಬಾಲ ಹಿಡಿದು ಹೋದರೆ ಗ್ಲೋವ್ ಬಾಕ್ಸಿನ ಹಿಂದೆ, ಧೂಳು ಹಿಡಿದ ಕಪ್ಪು ಡಬ್ಬಿ, ಅದರಲ್ಲೊಂದು ಹಸಿರು ದೀಪ. ಮಿಣುಕ್, ಮಿಣುಕ್. ಹಳದಿ ಬೋರ್ಡಿನ ಕಾಲದ ಜಿಪಿಎಸ್ ಡಬ್ಬಿ. ಪ್ರಯಾಣಿಕರನ್ನು ಸಾಗಿಸುವ ಗಾಡಿಗಳಿಗೆ ಎಐಎಸ್-140 ನಿಯಮದಡಿ ಹಾಕುತ್ತಾರಲ್ಲ, ಪ್ಯಾನಿಕ್ ಬಟನ್ ಜೊತೆ ಬರುವಂಥದ್ದು. ಗಾಡಿ ಮಾರಿ, ಬೋರ್ಡ್ ಬದಲಾಗಿ, ಸೀಟೆಲ್ಲ ಗುಜರಿಗೆ ಹೋದ ಮೇಲೂ ಅದೊಂದು ಮಾತ್ರ ಕತ್ತಲಲ್ಲಿ ಕೂತು ಯಾರಿಗೋ "ತಾವರೆಕೆರೆಯಲ್ಲಿದ್ದೇನೆ, ತಾವರೆಕೆರೆಯಲ್ಲಿದ್ದೇನೆ" ಅಂತ ಹೇಳುತ್ತಲೇ ಇತ್ತು. ನಿಜ ಹೇಳಬೇಕೆಂದರೆ ನನಗೆ ಸಿಟ್ಟಿಗಿಂತ ಪಾಪ ಅನಿಸಿತು. (ಕೆಲವರು ಫಾಸ್ಟ್ಯಾಗನ್ನೂ ಅನುಮಾನಿಸುತ್ತಾರೆ. ಅದಕ್ಕೂ ಬ್ಯಾಟರಿಗೂ ಸಂಬಂಧ ಇಲ್ಲ. ಟೋಲಿನ ಯಂತ್ರ ಕಳಿಸುವ ಅಲೆಯಿಂದಲೇ ಅದು ಎಚ್ಚರಾಗುತ್ತೆ, ಸ್ಟಿಕ್ಕರಿನ ಹಾಗೆ ಸುಮ್ನೆ ಅಂಟಿಕೊಂಡಿರುತ್ತೆ.)

ಮನೆ ಬ್ಯಾಟರಿಯ ಕತೆ ಇನ್ನೂ ನಾಚಿಕೆಗೇಡು. ಕೆಂಪು ಮೈನ್ ಸ್ವಿಚ್ ಆಫ್ ಮಾಡಿದ ಮೇಲೂ 145 ಮಿಲಿ ಆಂಪಿಯರ್. ಒಳಾಂಗಣ ಮಾಡಿಕೊಟ್ಟ ವರ್ಕ್‌ಶಾಪಿನವರು ಕೆಲವು ವೈರುಗಳನ್ನು ಸ್ವಿಚ್ಚಿಗೆ ಮೊದಲೇ, ನೇರ ಬ್ಯಾಟರಿಯ ತಲೆಗೆ ಕಟ್ಟಿದ್ದರು. ಗ್ಯಾಸ್ ಸೋರಿಕೆ ಹಿಡಿಯುವ ಡಿಟೆಕ್ಟರ್ 90 ಮಿಲಿ. ಅದು ಸರಿಯಾದ ಕಾರಣಕ್ಕೇ ಹಾಗೆ ಕಟ್ಟಿದ್ದು, ಮಲಗಿದಾಗ ಯಾರೋ ಮೈನ್ ಆಫ್ ಮಾಡಿದರೂ ಡಿಟೆಕ್ಟರ್ ಎದ್ದಿರಲಿ ಅಂತ. ಸೋಲಾರ್ ಕಂಟ್ರೋಲರ್ 15, ಹಿಂದಿನ ಸ್ಪೀಕರಿನ ಸ್ಟೀರಿಯೋ 15. ಉಳಿದ 25 ಯಾವುದು ಅಂದರೆ ಯುಎಸ್‌ಬಿ ಸಾಕೆಟ್ಟಿನ ಪಕ್ಕದಲ್ಲಿ ಅಂದಕ್ಕೆ ಹಾಕಿದ ನೀಲಿ ವೋಲ್ಟ್ ಮೀಟರು. ಬ್ಯಾಟರಿ ಎಷ್ಟು ಉಳಿದಿದೆ ಅಂತ ಹಗಲೂ ರಾತ್ರಿ ತೋರಿಸುತ್ತಾ, ತೋರಿಸುವುದಕ್ಕೆಂದೇ ಅದನ್ನು ಮುಗಿಸುತ್ತಿತ್ತು.

145 ಮಿಲಿ ಅಂದರೆ ಏನು ಮಹಾ, ಅಲ್ವಾ? ನನಗೂ ಹಾಗೇ ಅನಿಸಿದ್ದು. ಇಪ್ಪತ್ನಾಲ್ಕರಿಂದ ಗುಣಿಸಿ. ದಿನಕ್ಕೆ ಸುಮಾರು 3.5 ಎಎಚ್. 150 ಎಎಚ್ ಬ್ಯಾಟರಿ 43 ದಿನಕ್ಕೆ ನೆಲ ಕಚ್ಚುತ್ತೆ. ಎಂಜಿನ್ ಕಡೆಯ 85 ಮಿಲಿ ದಿನಕ್ಕೆ ಎರಡು ಎಎಚ್, 100 ಎಎಚ್‌ಗೆ ಐವತ್ತು ದಿನ. ಅಂದರೆ ಆಗಸ್ಟ್ ಹದಿನೈದರ ಬಾವುಟ ಹಾರಿಸುವ ಹೊತ್ತಿಗೇ ಎರಡೂ ಖಾಲಿ. ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು" ಅಂದರು. ನನಗೆ ಹೇಳಿದರೋ ಗಾಡಿಗೆ ಹೇಳಿದರೋ ಕೇಳಲಿಲ್ಲ.

ಆದರೆ ಅದೇ ಸಂಜೆ ಒಂದು ನೆನಪು ಬಂತು. ಚಿಕ್ಕಂದಿನಲ್ಲಿ ಊರಿಗೆ ಹೊರಡುವಾಗ ಅಪ್ಪ ಸೂಟ್‌ಕೇಸಿಗೆ ಟಾರ್ಚ್ ಹಾಕುವ ಮೊದಲು ಹಿಂಬದಿಯ ಮುಚ್ಚಳ ತಿರುಗಿಸಿ, ಎರಡು ಸೆಲ್ಲಿನಲ್ಲಿ ಒಂದನ್ನು ಉಲ್ಟಾ ಹಾಕಿ ಮುಚ್ಚುತ್ತಿದ್ದರು. ಬಟ್ಟೆಯ ಒತ್ತಡಕ್ಕೆ ಸ್ವಿಚ್ ಸರಿದರೂ ಟಾರ್ಚ್ ಹತ್ತಬಾರದು ಅಂತ. ಕತ್ತಲಲ್ಲಿ ಬಸ್ಸಿಳಿದು, ಮತ್ತೆ ಮುಚ್ಚಳ ಬಿಚ್ಚಿ, ಬೆರಳಿನಿಂದ ತಡವಿ ತಡವಿ ಸೆಲ್ ಸರಿ ಮಾಡುವಾಗ ನಮಗೆಲ್ಲ ಕೋಪ. ಇವರಿಗೆ ಸ್ವಿಚ್ ಮೇಲೆ ನಂಬಿಕೆಯೇ ಇಲ್ವಾ ಅಂತ. ಇರಲಿಲ್ಲ. ನನಗೆ ಇತ್ತು, ಅದಕ್ಕೇ ಹದಿಮೂರು ಸಾವಿರ ಹೋಯಿತು.

ಹೋದದ್ದು ಟ್ಯೂಬುಲರ್. ಬ್ಯಾಟರಿ ಅಂಗಡಿಯಾತ ಆರೂ ಮುಚ್ಚಳ ತೆಗೆದು, ಹೈಡ್ರೋಮೀಟರಿನ ರಬ್ಬರ್ ಗುಂಡು ಹಿಚುಕಿ ಆಸಿಡ್ ಎಳೆದು ನೋಡಿದ. ಅವರ ಭಾಷೆಯಲ್ಲಿ ಗ್ರಾವಿಟಿ, ಅಂದರೆ ಆಸಿಡ್ ಎಷ್ಟು ದಟ್ಟವಾಗಿದೆ ಅನ್ನುವ ಲೆಕ್ಕ. ತುಂಬಿದ ಟ್ಯೂಬುಲರಿಗೆ 1240 ಬರಬೇಕು. ಎರಡು ದಿನ ಚಾರ್ಜಿಗೆ ಹಾಕಿದ ಮೇಲೂ ನಮ್ಮದರಲ್ಲಿ 1100 ದಾಟಲಿಲ್ಲ. ಮೂರನೇ ಸೆಲ್ಲಿನಲ್ಲಿ ಗಾಜಿನ ಕೊಳವೆಯೊಳಗಿನ ತೇಲುಕಡ್ಡಿ ಏಳಲೇ ಇಲ್ಲ, ತಳದಲ್ಲೇ ಮಲಗಿತ್ತು. "ಇದು ನೀರು ಸಾರ್, ಆಸಿಡ್ ಎಲ್ಲಾ ಪ್ಲೇಟಿಗೆ ಹೋಗಿಬಿಟ್ಟಿದೆ" ಅಂದ.

ಅವನು ಹೇಳಿದ್ದು ಅಕ್ಷರಶಃ ನಿಜ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ ಕಾಲದಿಂದ ಸೀಸದ ಬ್ಯಾಟರಿಯ ಸ್ವಭಾವ ಬದಲಾಗಿಲ್ಲ. ಕರೆಂಟು ಕೊಡುವಾಗ ಆಸಿಡ್ಡಿನಲ್ಲಿರುವ ಸಲ್ಫೇಟು ಎರಡೂ ಪ್ಲೇಟಿನ ಮೇಲೆ ಸೀಸದ ಸಲ್ಫೇಟಾಗಿ ಕೂರುತ್ತೆ. ಚಾರ್ಜ್ ಮಾಡಿದರೆ ಮತ್ತೆ ಕರಗಿ ಆಸಿಡ್ಡಿಗೆ ಬರುತ್ತೆ. ತಕ್ಷಣ ಚಾರ್ಜ್ ಮಾಡಿದರೆ ಮಾತ್ರ. ವಾರಗಟ್ಟಲೆ ಖಾಲಿ ಬಿಟ್ಟರೆ ಆ ಪುಡಿ ಮಳೆಗಾಲದ ಉಪ್ಪಿನ ಡಬ್ಬಿಯ ಹಾಗೆ ಹರಳುಗಟ್ಟಿ ಗಟ್ಟಿಯಾಗುತ್ತೆ, ಆಮೇಲೆ ಯಾವ ಚಾರ್ಜರಿಗೂ ಜಗ್ಗುವುದಿಲ್ಲ. ನಮ್ಮ ಬ್ಯಾಟರಿ ಖಾಲಿಯಾದದ್ದು ದೊಡ್ಡ ತಪ್ಪಲ್ಲ, ಖಾಲಿಯಾಗಿ ಎರಡು ತಿಂಗಳು ಯಾರೂ ನೋಡದೆ ಬಿದ್ದಿದ್ದು ಅದನ್ನು ಕೊಂದಿತು. ಎಂಜಿನ್ ಬ್ಯಾಟರಿಯನ್ನು ನಿಧಾನವಾಗಿ 5 ಆಂಪಿಯರಿನಲ್ಲಿ ಒಂದು ದಿನ ಪೂರ್ತಿ ಚಾರ್ಜ್ ಮಾಡಿ ಎಬ್ಬಿಸಿದ್ದಾಯಿತು, ಆದರೆ 12.3ಕ್ಕಿಂತ ಮೇಲೆ ನಿಲ್ಲಲೇ ಇಲ್ಲ. ಅದರ ಪ್ಲೇಟುಗಳು ತೆಳು. ಒಂದೇ ಏಟಿಗೆ ಜಾಸ್ತಿ ಕರೆಂಟು ಕೊಡಲು ಮಾಡಿದವು, ಬರಿದಾಗುವುದನ್ನು ತಡೆದುಕೊಳ್ಳಲು ಮಾಡಿದವಲ್ಲ. ಮಾರ್ಚ್ ಹೊತ್ತಿಗೆ ಅದನ್ನೂ ಬದಲಿಸಿದೆ.

ವೋಲ್ಟ್ ಓದುವ ಬಗ್ಗೆ ಒಂದು ಮಾತು. ಸೀಸದ ಬ್ಯಾಟರಿ ನಾಲ್ಕೈದು ಗಂಟೆ ಸುಮ್ಮನಿದ್ದ ಮೇಲೆ 12.6 ಅಥವಾ ಸ್ವಲ್ಪ ಮೇಲೆ ಇದ್ದರೆ ತುಂಬಿದೆ ಅಂತ. 12.4 ಮುಕ್ಕಾಲು, 12.2 ಅರ್ಧ, 12ಕ್ಕೆ ಬಂದರೆ ಕಾಲು ಭಾಗ ಅಷ್ಟೇ. ಚಾರ್ಜರ್ ತೆಗೆದ ತಕ್ಷಣ ನೋಡಿದರೆ ಹದಿಮೂರು ತೋರಿಸಿ ಮೋಸ ಮಾಡುತ್ತೆ. ನಾನು 12.4ರ ಕೆಳಗೆ ಇಳಿದರೆ ಚಾರ್ಜ್ ಮಾಡುತ್ತೇನೆ.

ಆಯುಧ ಪೂಜೆಯ ಸುದ್ದಿ ಹಬ್ಬಿದ ಮೇಲೆ ಸಲಹೆಗಳು ತಾನಾಗಿ ಬಂದವು. ಎಲ್ಲರೂ ಹೇಳಿದ್ದು, "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ ಸಾರ್, ಏನೂ ಆಗಲ್ಲ." ಇದನ್ನು ಹಿಂದಿನ ವರ್ಷ ಮಾಡಿದ್ದೆ. ಮಾಡಿದವನು ನಾನಲ್ಲ, ಚಿಕ್ಕಪ್ಪನ ತೋಟ ನೋಡಿಕೊಳ್ಳುವ ಹುಡುಗ. ಐದು ನಿಮಿಷದಲ್ಲಿ ಸ್ಟಾರ್ಟ್ ಮಾಡಿದ ಖರ್ಚು ವಾಪಸ್ ಬಂದರೂ ವಾರವಿಡೀ ಸೋರಿದ್ದು ತುಂಬುವುದಿಲ್ಲ. ಸೀಸದ ಬ್ಯಾಟರಿಯ ಕೊನೆಯ ಇಪ್ಪತ್ತು ಭಾಗ ಹನಿಹನಿಯಾಗಿ ಗಂಟೆಗಟ್ಟಲೆ ತುಂಬುವಂಥದ್ದು. ಎಂಜಿನ್ ಕೂಡ ಸರಿಯಾಗಿ ಬಿಸಿಯಾಗುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತೆ. ಸ್ಟಾರ್ಟ್ ಮಾಡುವುದೇ ಆದರೆ ಸಾವನದುರ್ಗದ ತನಕ ಓಡಿಸಿಕೊಂಡು ಬನ್ನಿ. ಟೈರಿಗೂ ಒಳ್ಳೆಯದು, ಬ್ರೇಕಿಗೂ ಒಳ್ಳೆಯದು, ದಾರಿಯಲ್ಲಿ ತಟ್ಟೆ ಇಡ್ಲಿ ಸಿಕ್ಕರೆ ನಮಗೂ ಒಳ್ಳೆಯದು.

ಇನ್ನೊಂದು ಸಲಹೆ, ಬ್ಯಾಟರಿ ಬಿಚ್ಚಿ ಮನೆಗೆ ತಂದರೆ ನೆಲದ ಮೇಲೆ ಇಡಬಾರದು, ಹಲಗೆ ಮೇಲಿಡಬೇಕು, ಇಲ್ಲದಿದ್ದರೆ ನೆಲ ಚಾರ್ಜ್ ಹೀರುತ್ತೆ ಅಂತ. ಹಳೇ ಕಾಲದಲ್ಲಿ ಮರದ ಪೆಟ್ಟಿಗೆಯ, ರಬ್ಬರ್ ಕವಚದ ಬ್ಯಾಟರಿ ಇದ್ದಾಗ ಅದಕ್ಕೆ ಅರ್ಥ ಇತ್ತು. ಈಗಿನ ಪ್ಲಾಸ್ಟಿಕ್ ಕವಚಕ್ಕೆ ಸಿಮೆಂಟು, ಗ್ರಾನೈಟು, ಹಲಗೆ ಎಲ್ಲಾ ಒಂದೇ. ನಮ್ಮ ಅಮ್ಮ ಮಾತ್ರ ಹಲಗೆ ಇಡಲೇಬೇಕು ಅಂದರು. ಕಾರಣ ಬೇರೆ, ಆಸಿಡ್ ಬಿದ್ದರೆ ಮೊಸಾಯಿಕ್ ಹಾಳಾಗುತ್ತೆ. ಅವರ ಮಾತು ಸರಿ.

ಈಗ ನಾನು ಮಾಡುವುದು ತುಂಬಾ ಸಿಂಪಲ್. ಅಪ್ಪನ ಟಾರ್ಚಿನ ಪಾಠ. ಗಾಡಿ ನಿಲ್ಲಿಸಿದರೆ ಎರಡೂ ಬ್ಯಾಟರಿಯ ಮೈನಸ್ ಕಡಿದು ಬಿಡುವುದು. ಎಂಜಿನ್ ಕಡೆ 10ರ ಸ್ಪ್ಯಾನರ್ ಹಿಡಿದು ಬಿಚ್ಚುತ್ತಿದ್ದೆ, ಆಮೇಲೆ ಜೆ.ಸಿ. ರಸ್ತೆಯಲ್ಲಿ ಒಂದು ಹಿತ್ತಾಳೆಯ ಕಟ್-ಆಫ್ ಸ್ವಿಚ್ ಸಿಕ್ಕಿತು, ಮೈನಸ್ ಟರ್ಮಿನಲ್ಲಿನ ಮೇಲೆಯೇ ಕೂರುತ್ತೆ, ಹಸಿರು ತಿರುಪು ನಾಲ್ಕು ಸುತ್ತು ಸಡಿಲಿಸಿದರೆ ಸಾಕು. ಮೈನಸ್ಸೇ ಯಾಕೆ ಅಂದರೆ, ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೆ ಕಿಡಿಯ ಹಬ್ಬ. ಮೈನಸ್ ಮೊದಲು ಹೋಗಿದ್ದರೆ ಆ ಭಯ ಇಲ್ಲ. ವಾಪಸ್ ಹಾಕುವಾಗ ಮೈನಸ್ ಕೊನೆಗೆ. ಬಿಚ್ಚುವ ಮೊದಲು ಕೀ ಜೇಬಿನಲ್ಲಿದೆಯಾ ನೋಡಿಕೊಳ್ಳಿ, ಸೆಂಟ್ರಲ್ ಲಾಕ್ ಆಮೇಲೆ ಕೆಲಸ ಮಾಡುವುದಿಲ್ಲ. ಗಡಿಯಾರ ಹನ್ನೆರಡಕ್ಕೆ ಹೋಗುತ್ತೆ, ರೇಡಿಯೋ ಸ್ಟೇಷನ್ನುಗಳು ಮರೆತುಹೋಗುತ್ತವೆ. ಹೋಗಲಿ ಬಿಡಿ.

ಮನೆ ಕಡೆ ವೈರಿಂಗ್ ಬಿಚ್ಚಿ, ಡಿಟೆಕ್ಟರ್ ಒಂದು ಬಿಟ್ಟು ಉಳಿದದ್ದನ್ನೆಲ್ಲ ಕೆಂಪು ಸ್ವಿಚ್ಚಿನ ಆಚೆ ಹಾಕಿಸಿದೆ. ಡಿಟೆಕ್ಟರಿಗೆ ಬೇರೆಯೇ ಒಂದು ಸಣ್ಣ ಸ್ವಿಚ್ಚು, ಸಿಲಿಂಡರ್ ಇಡುವ ಗೂಡಿನ ಒಳಗೆ. ಸಿಲಿಂಡರ್ ಎತ್ತಿ ಹೊರಗೆ ತೆಗೆದರೆ ಮಾತ್ರ ಕೈಗೆ ಸಿಗುತ್ತೆ. ಗ್ಯಾಸ್ ಗಾಡಿಯಲ್ಲಿ ಇರುವ ತನಕ ಅದು ಆಫ್ ಆಗುವ ಹಾಗೇ ಇಲ್ಲ, ಸಿಲಿಂಡರ್ ಮನೆಗೆ ಹೋದ ಮೇಲೆ ಅದಕ್ಕೆ ಕೆಲಸವೂ ಇಲ್ಲ. ಇಡೀ ಗಾಡಿಯಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಬಗ್ಗೆ. ಇನ್ವರ್ಟರಿಗೂ ಎಚ್ಚರ. ಏನೂ ಹಾಕದೆ ಸುಮ್ಮನೆ ಆನ್ ಇಟ್ಟರೂ ಹತ್ತು ಹದಿನೈದು ವ್ಯಾಟ್ ತಿನ್ನುವ ಇನ್ವರ್ಟರುಗಳಿವೆ, ಅಂದರೆ ಹತ್ತಿರ ಹತ್ತಿರ ಒಂದು ಆಂಪಿಯರ್. ಒಂದು ವಾರದಲ್ಲಿ ಟ್ಯೂಬುಲರ್ ಮಲಗುತ್ತೆ.

ಜಿಪಿಎಸ್ ಡಬ್ಬಿ ಕಿತ್ತು ಹಾಕಿದೆ. ಆದರೆ ಊರಾಚೆ ಒಂಟಿಯಾಗಿ ನಿಂತ ಗಾಡಿಗೆ ಟ್ರ್ಯಾಕರ್ ಬೇಡವೇ ಅಂತ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಒಂದು ಸಣ್ಣ ಟ್ರ್ಯಾಕರ್ ಹಾಕಿಸಿದೆ, ಅದಕ್ಕೆ ಮಾತ್ರ ಕಟ್-ಆಫ್ ದಾಟಿ ಕರೆಂಟು ಹೋಗುತ್ತೆ. ಅದರ ಖರ್ಚು ತೂಗಿಸಲು ಸೋಲಾರ್.

ಸೋಲಾರ್ ಗಾಡಿಯ ಮೇಲೆ ಮೊದಲೇ ಇತ್ತು ಅನ್ನುವುದು ಈ ಕತೆಯ ತಮಾಷೆ. ತಗಡಿನ ಶೀಟಿನ ಕೆಳಗೆ! ಬಿಸಿಲು ಬೀಳದ ಕಡೆ ಪ್ಯಾನೆಲ್, ಅದನ್ನು ನೋಡಿಕೊಳ್ಳಲು 15 ಮಿಲಿ ತಿನ್ನುವ ಕಂಟ್ರೋಲರ್. ಗಾಡಿಯನ್ನು ಅರ್ಧ ಹೊರಗೆ ನಿಲ್ಲಿಸಿ ನೋಡಿದೆ, ತೆಂಗಿನ ಗರಿಯ ನೆರಳು. ಪ್ಯಾನೆಲ್ಲಿನ ಬಿಲ್ಲೆಗಳು ಸರಪಳಿಯ ಹಾಗೆ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ, ಒಂದು ಮೂಲೆಗೆ ನೆರಳು ಬಿದ್ದರೆ ಆ ಸಾಲಿಗೆ ಸಾಲೇ ಸೊರಗುತ್ತೆ. ತೆಂಗಿನಕಾಯಿ ಬೀಳುವ ಭಯ ಬೇರೆ. ಆಮೇಲೆ ಶೀಟಿನ ಮೇಲೆಯೇ 40 ವ್ಯಾಟಿನ ಪುಟ್ಟ ಪ್ಯಾನೆಲ್ ಕೂರಿಸಿ, ಕೆಳಗೆ ಕಂಟ್ರೋಲರ್ ಇಟ್ಟು, ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಹಾಕಿ, ಎಂಜಿನ್ ಬ್ಯಾಟರಿಗೆ ಕೊಟ್ಟೆ. ಕಂಟ್ರೋಲರ್ ಇಲ್ಲದೆ ನೇರ ಕೊಡಬಾರದು. ಹೊರೆ ಇಲ್ಲದ ಪ್ಯಾನೆಲ್ ಇಪ್ಪತ್ತರ ಮೇಲೆ ವೋಲ್ಟ್ ಎಬ್ಬಿಸುತ್ತೆ, ಬ್ಯಾಟರಿಯ ನೀರು ಕುದ್ದು ಆರುತ್ತೆ. ಒಳ್ಳೆಯ ಬಿಸಿಲಿಗೆ ಎರಡು ಆಂಪಿಯರ್ ದಾಟುತ್ತೆ, ದಟ್ಟ ಮೋಡದ ದಿನ ಅದರ ಹತ್ತನೇ ಒಂದು ಪಾಲು ಬಂದರೆ ಹೆಚ್ಚು. ಬೆಂಗಳೂರಿನ ಜುಲೈ ನಿಮಗೆ ಗೊತ್ತಲ್ಲ, ಮಳೆಯೂ ಸರಿಯಾಗಿ ಸುರಿಯದೆ ಬಿಸಿಲೂ ಬಾರದೆ ದಿನವಿಡೀ ಮುಖ ಗಂಟು ಹಾಕಿಕೊಂಡಿರುತ್ತೆ. ಆದರೂ ಸಾಕು. ಸೋರಿಕೆ ನಿಂತ ಬ್ಯಾಟರಿಗೆ ಬೇಕಾದದ್ದು ತೀರಾ ಕಡಿಮೆ, ತಾನಾಗಿ ಇಳಿಯುವುದು ತಿಂಗಳಿಗೆ ನೂರಕ್ಕೆ ನಾಲ್ಕೈದು ಅಷ್ಟೇ. ಬಿಸಿ ಹೆಚ್ಚಾದರೆ ಇಳಿಯುವುದೂ ಹೆಚ್ಚು, ಹಾಗಾಗಿ ಏಪ್ರಿಲ್‌ನ ತಗಡಿನ ಶೆಡ್ಡಿಗಿಂತ ಜುಲೈನ ತಗಡಿನ ಶೆಡ್ಡು ವಾಸಿ.

ಆ ವೈರನ್ನು ಮೊದಲ ತಿಂಗಳೇ ಹೆಗ್ಗಣ ಕಡಿಯಿತು. ಈಗ ಕಬ್ಬಿಣದ ಪೈಪಿನೊಳಗೆ ಎಳೆದಿದ್ದೇನೆ. ನುಸಿಗುಳಿಗೆ ಇಟ್ಟು ನೋಡಿದೆ, ತಾವರೆಕೆರೆ ಹೆಗ್ಗಣಗಳಿಗೆ ಅದರ ಬಗ್ಗೆ ವಿಶೇಷ ಅಭಿಪ್ರಾಯ ಇಲ್ಲ.

ಸತ್ತ ಟ್ಯೂಬುಲರ್ ಜಾಗಕ್ಕೆ ಲಿಥಿಯಂ ಬಂತು, 100 ಎಎಚ್‌ನ ಐರನ್ ಫಾಸ್ಫೇಟ್. ತೂಕ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ನೀರು ಹಾಕುವ ಗೋಜಿಲ್ಲ. ಆದರೆ ನಿಲ್ಲಿಸುವ ಪದ್ಧತಿ ಪೂರ್ತಿ ಉಲ್ಟಾ, ಇದು ನನ್ನ ತಲೆಗೆ ಹೋಗಲು ಸಮಯ ಹಿಡಿಯಿತು. ಸೀಸದ ಬ್ಯಾಟರಿಯನ್ನು ಹೊಟ್ಟೆ ತುಂಬಿಸಿ ಮಲಗಿಸಬೇಕು. ಲಿಥಿಯಂ ಅರೆಹೊಟ್ಟೆಯಲ್ಲಿ ಮಲಗಲು ಇಷ್ಟಪಡುತ್ತೆ, ಐವತ್ತು ಅರವತ್ತು ಪರ್ಸೆಂಟು ಸಾಕು, ತಿಂಗಳುಗಟ್ಟಲೆ ನೂರರಲ್ಲಿ ಹಿಡಿದಿಟ್ಟರೆ ಬೇಗ ಮುದಿಯಾಗುತ್ತೆ. ಹಾಗಾಗಿ ಅದಕ್ಕೆ ಸೋಲಾರ್ ಕೊಟ್ಟಿಲ್ಲ. ಎಷ್ಟಿದೆ ಅಂತ ವೋಲ್ಟ್ ನೋಡಿ ಹೇಳುವುದೂ ಕಷ್ಟ, ತೊಂಬತ್ತರಿಂದ ಮೂವತ್ತರ ತನಕ ಹದಿಮೂರರ ಆಸುಪಾಸಿನಲ್ಲೇ ಗುಟ್ಟು ಬಿಡದೆ ಕೂತಿರುತ್ತೆ. ಒಳಗಿನ ಬಿಎಂಎಸ್ ಅನ್ನುವ ಕಾವಲುಗಾರ ತೀರಾ ಇಳಿದಾಗ ಬಾಗಿಲು ಹಾಕಿಬಿಡುತ್ತಾನೆ, ಆಗ ಮೀಟರಿಗೆ ಸೊನ್ನೆ ಕಾಣುತ್ತೆ. ಬ್ಯಾಟರಿ ಸತ್ತಿರುವುದಿಲ್ಲ, ಸರಿಯಾದ ಚಾರ್ಜರ್ ಕೊಟ್ಟರೆ ಏಳುತ್ತೆ. ಆದರೆ ಬಾಗಿಲು ಹಾಕಿದ ಮೇಲೂ ಕಾವಲುಗಾರನಿಗೆ ಊಟ ಬೇಕಲ್ಲ, ಅವನು ಒಳಗಿನಿಂದಲೇ ಚೂರು ಚೂರು ತಿನ್ನುತ್ತಿರುತ್ತಾನೆ. ಅದಕ್ಕೇ ಎರಡು ತಿಂಗಳಿಗೊಮ್ಮೆ ಹೋಗಿ ನೋಡುತ್ತೇನೆ.

ಈ ವರ್ಷ ಜೂನ್‌ನಲ್ಲಿ ಗೋಕರ್ಣದಿಂದ ವಾಪಸ್ ಬರುವಾಗಲೇ ಮಳೆ ಹಿಡಿದಿತ್ತು. ನೇರವಾಗಿ ತಾವರೆಕೆರೆಗೆ ಹೋದೆವು. ಸಂಜೆ ಆರೂವರೆ, ಕತ್ತಲು, ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಕಾರಲ್ಲಿ ಕೂತ ಅಪ್ಪ ಕಿಟಕಿ ಇಳಿಸಿ ಕೂಗಿದರು, "ಮೈನಸ್ ತೆಗೆದ್ಯಾ?" ತೆಗೆದೆ ಅಂದೆ. "ಎರಡೂ?" ಎರಡೂ. ಸಿಲಿಂಡರ್ ಡಿಕ್ಕಿಯಲ್ಲಿತ್ತು, ಡಿಟೆಕ್ಟರಿನ ಸ್ವಿಚ್ ಒತ್ತಿದ್ದೆ, ಲಿಥಿಯಂ ಐವತ್ತೆಂಟರಲ್ಲಿ ನಿಂತಿತ್ತು, ಮಗಳು ಸ್ಟೀರಿಂಗಿಗೆ ಅಂಟಿಸಿದ್ದ ಚೀಟಿಯಲ್ಲಿ "ಬ್ಯಾಟರಿ ಮಲಗಿದೆ, ಎಬ್ಬಿಸಬೇಡಿ" ಅಂತ ಬರೆದಿತ್ತು. ಇಷ್ಟು ಅಚ್ಚುಕಟ್ಟಾಗಿ ನಾನು ಜೀವನದಲ್ಲಿ ಯಾವುದನ್ನೂ ನಿಲ್ಲಿಸಿಲ್ಲ.

ಮೂರು ವಾರ ಬಿಟ್ಟು ನೋಡಲು ಹೋದೆ. ಎಂಜಿನ್ ಬ್ಯಾಟರಿ 12.7. ಲಿಥಿಯಂ ನಿಲ್ಲಿಸಿದ ಕಡೆಯೇ ಇತ್ತು, ಒಂದು ಪರ್ಸೆಂಟ್ ಕೂಡ ಕದಲಿರಲಿಲ್ಲ. ಖುಷಿಯಲ್ಲಿ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದೆ. ಆಮೇಲೆ ಏನೋ ವಾಸನೆ ಅಂತ ಫ್ರಿಜ್ಜಿನ ಬಾಗಿಲು ತೆಗೆದೆ. ಗೋಕರ್ಣಕ್ಕೆ ಒಯ್ದು ಉಳಿದಿದ್ದ ಎರಡು ಕೆಜಿ ದೋಸೆ ಹಿಟ್ಟು, ಕರೆಂಟಿಲ್ಲದ ಫ್ರಿಜ್ಜಿನಲ್ಲಿ ಮೂರು ವಾರ ಹುದುಗಿ, ಡಬ್ಬಿಯ ಮುಚ್ಚಳ ಎಬ್ಬಿಸಿ, ಕೆಳಗಿನ ತಟ್ಟೆಯ ತನಕ ಇಳಿದು ಬಂದಿತ್ತು. ಒರೆಸುತ್ತಾ ಕೂತಿರುವಾಗ ಫೋನ್ ಬಂತು. ಫೋಟೋ ನೋಡಿದ ಅಪ್ಪ, "ಚೆನ್ನಾಗಿದೆ" ಅಂದರು.